ಹಡಗಿನ ಸೂಟ್‌ಗೆ ಏರುವ ಲೆಕ್ಕ: ಒಂದು ಸಂಶೋಧನಾ ಟಿಪ್ಪಣಿ

ಕ್ರೂಸ್ ಹಡಗಿನಲ್ಲಿ ಬಾಲ್ಕನಿ ಕೋಣೆ ಕಾದಿರಿಸಿದವರಿಗೆ ಹೊರಡುವ ದಿನ ಹತ್ತಿರವಾದಂತೆ ಕಂಪನಿಯಿಂದ ಒಂದು ಇಮೇಲ್ ಬರುವುದುಂಟು. ಸೂಟ್ ಉಳಿದಿದ್ದರೆ ನಿಮಗೆ ಕೊಡಬಹುದು, ಅದಕ್ಕೆ ಎಷ್ಟು ಹೆಚ್ಚು ಕೊಡುತ್ತೀರೆಂದು ನೀವೇ ಬರೆದು ಕಳಿಸಿ ಎಂಬುದು ಅದರ ಸಾರ. ರಾಯಲ್ ಕೆರಿಬಿಯನ್ ಕಂಪನಿ ಇದಕ್ಕೆ ‘ರಾಯಲ್ ಅಪ್’ ಎಂದು ಹೆಸರಿಟ್ಟಿದೆ. ಬೇರೆ ಹೆಸರುಗಳಲ್ಲಿ ಇದೇ ಪದ್ಧತಿ ಇತರ ದೊಡ್ಡ ಕಂಪನಿಗಳಲ್ಲೂ ಬಳಕೆಗೆ ಬಂದಿದೆ. ಹಣ ತೆತ್ತು ಮೇಲೇರಬೇಕೆ, ಇದ್ದಲ್ಲೇ ಇರಬೇಕೆ ಎಂಬುದನ್ನು ಪ್ರಯಾಣಿಕರು ಹೆಚ್ಚಾಗಿ ಕೋಣೆಯ ನಕ್ಷೆ ಮುಂದಿಟ್ಟುಕೊಂಡು ತೀರ್ಮಾನಿಸುತ್ತಾರೆ. ಎಷ್ಟು ಚದರಡಿ, ಸ್ನಾನದ ತೊಟ್ಟಿ ಇದೆಯೇ, ಬಾಲ್ಕನಿಯಲ್ಲಿ ಎಷ್ಟು ಕುರ್ಚಿ ಹಿಡಿಸುತ್ತದೆ ಎಂದೆಲ್ಲ ನೋಡುತ್ತಾರೆ. ಈ ಅಳತೆ ಸಾಲದು ಎಂಬುದು ಇಲ್ಲಿನ ವಾದ. ಸೂಟ್‌ಗೆ ತೆರುವ ಹೆಚ್ಚಿನ ಹಣದ ದೊಡ್ಡ ಪಾಲು ಕೋಣೆಯ ಬಾಗಿಲಿನ ಆಚೆಗೆ ಸಲ್ಲುತ್ತದೆ. ಹತ್ತುವ ಸಾಲು, ಊಟದ ಮೇಜು, ಈಜುಕೊಳದ ಬದಿಯ ಆರಾಮಕುರ್ಚಿ, ರಂಗಮಂದಿರದ ಆಸನ, ಇವೆಲ್ಲ ಆ ಬೆಲೆಯೊಳಗೆ ಸೇರಿವೆ. ಹಾಗಾಗಿ ಸೂಟ್‌ನ ಬೆಲೆ ಕಟ್ಟುವಾಗ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ಆ ಹಡಗಿನಲ್ಲಿ ಜನದಟ್ಟಣೆ ಎಷ್ಟು? ದಡ ಮುಟ್ಟದೆ ಕಳೆಯುವ ದಿನಗಳು ಎಷ್ಟು?

ವಾದವನ್ನು ಪರೀಕ್ಷಿಸಲು ಎರಡು ಉದಾಹರಣೆಗಳನ್ನು ಆರಿಸಿಕೊಂಡಿದ್ದೇನೆ. ಒಂದು, ಫ್ಲಾರಿಡಾದಿಂದ ಹೊರಟು ಕೆರಿಬಿಯನ್ ದ್ವೀಪಗಳನ್ನು ಸುತ್ತಿ ಬರುವ, ರಾಯಲ್ ಕೆರಿಬಿಯನ್‌ನ ‘ಓಯಸಿಸ್’ ವರ್ಗದ ಹಡಗಿನ ಏಳು ರಾತ್ರಿಗಳು. ಇನ್ನೊಂದು, ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಕ್ಯುನಾರ್ಡ್ ಕಂಪನಿಯ ‘ಕ್ವೀನ್ ಮೇರಿ 2’ ಅಟ್ಲಾಂಟಿಕ್ ದಾಟುವ ಏಳು ರಾತ್ರಿಗಳು. ರಾತ್ರಿಗಳು ಅಷ್ಟೇ ಆದರೂ ಮಿಕ್ಕ ಎಲ್ಲದರಲ್ಲೂ ಇವು ಒಂದಕ್ಕೊಂದು ದೂರ.

ದರ್ಜೆಗಳು ಹೋಗಿ ಮರಳಿ ಬಂದದ್ದು

ಸೂಟ್ ಎಂಬುದು ಕೋಣೆಗಿಂತ ಹೆಚ್ಚಾಗಿ ದರ್ಜೆ ಎಂಬುದನ್ನು ಹಡಗುಗಳ ಚರಿತ್ರೆಯೇ ತೋರಿಸುತ್ತದೆ. ಅಟ್ಲಾಂಟಿಕ್ ದಾಟುತ್ತಿದ್ದ ಹಳೆಯ ಹಡಗುಗಳಲ್ಲಿ ಒಂದನೆಯ, ಎರಡನೆಯ, ಮೂರನೆಯ ದರ್ಜೆಗಳಿಗೆ ಬೇರೆ ಬೇರೆ ಡೆಕ್, ಬೇರೆ ಊಟದ ಮನೆ, ನಡುವೆ ಬೀಗ ಹಾಕಿದ ಬಾಗಿಲುಗಳಿದ್ದವು. ಕಂಪನಿಗಳ ಆದಾಯಕ್ಕೆ ವಲಸಿಗರು ತುಂಬಿರುತ್ತಿದ್ದ ಮೂರನೆಯ ದರ್ಜೆಯೇ ಬಲವಾದ ಆಧಾರವಾಗಿತ್ತು. ಅಮೆರಿಕ 1921ರಲ್ಲಿ, ಮತ್ತೆ 1924ರಲ್ಲಿ ವಲಸೆಗೆ ಮಿತಿ ಹಾಕಿದಾಗ ಆ ಆಧಾರ ಕುಸಿಯಿತು. ಖಾಲಿಯಾದ ಜಾಗವನ್ನು ಕಂಪನಿಗಳು ಸುಣ್ಣಬಣ್ಣ ಬಳಿದು, ‘ಟೂರಿಸ್ಟ್ ಥರ್ಡ್’ ಎಂದು ಹೆಸರಿಟ್ಟು, ವಿದ್ಯಾರ್ಥಿಗಳಿಗೂ ಶಾಲಾ ಶಿಕ್ಷಕರಿಗೂ ಮಾರತೊಡಗಿದವು. 1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ ಊರು ಸೇರುವ ಉದ್ದೇಶಕ್ಕೆ ಹಡಗು ಹತ್ತುವವರು ಉಳಿಯಲಿಲ್ಲ. ಆಮೇಲೆ ಬೆಳೆದದ್ದು ವಿಹಾರದ ಹಡಗು. 1972ರಲ್ಲಿ ಟೆಡ್ ಆರಿಸನ್ ಆರಂಭಿಸಿದ ಕಾರ್ನಿವಲ್‌ನಂಥ ಕಂಪನಿಗಳು ಎಲ್ಲರಿಗೂ ಒಂದೇ ದರ್ಜೆ ಎಂದು ಸಾರಿದವು. ಕೋಣೆ ಚಿಕ್ಕದಿರಲಿ ದೊಡ್ಡದಿರಲಿ, ಊಟ, ಈಜುಕೊಳ, ನಾಟಕ ಎಲ್ಲರಿಗೂ ಒಂದೇ.

ಅದೇ 1972ರಲ್ಲೇ ಕ್ಯುನಾರ್ಡ್ ತನ್ನ ‘ಕ್ಯೂಇ2’ ಹಡಗಿನ ಮೇಲ್ಭಾಗದಲ್ಲಿ ಹೊಸ ಸೂಟ್‌ಗಳನ್ನು ಕಟ್ಟಿಸಿ, ಅವುಗಳಲ್ಲಿ ತಂಗುವವರಿಗಾಗಿಯೇ ‘ಕ್ವೀನ್ಸ್ ಗ್ರಿಲ್’ ಎಂಬ ಊಟದ ಮನೆ ತೆರೆಯಿತು ಎಂಬುದು ಗಮನಿಸಬೇಕಾದ ಸಂಗತಿ. ಕೋಣೆಗೆ ಮೇಜನ್ನು ಗಂಟುಹಾಕುವ ಆ ಕ್ರಮವನ್ನು ಉಳಿದವರು ಮೂರೂವರೆ ದಶಕ ಬಿಟ್ಟು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡರು. 2008ರಲ್ಲಿ ಎಂಎಸ್‌ಸಿಯ ‘ಫ್ಯಾಂಟಸಿಯಾ’ ಹಡಗಿನಲ್ಲಿ ‘ಯಾಟ್ ಕ್ಲಬ್’ ಬಂತು. 2010ರಲ್ಲಿ ನಾರ್ವೀಜಿಯನ್ ಕಂಪನಿಯ ‘ಎಪಿಕ್’ ಹಡಗಿನ ಮೇಲ್ತುದಿಯ ಡೆಕ್ಕುಗಳಲ್ಲಿ ಸೂಟ್‌ನವರಿಗೆ ಮಾತ್ರ ಈಜುಕೊಳವಿರುವ ಒಳಾಂಗಣ ಬಂತು. 2016ರಲ್ಲಿ ರಾಯಲ್ ಕೆರಿಬಿಯನ್ ತನ್ನ ಸೂಟ್‌ಗಳನ್ನು ಸೀ, ಸ್ಕೈ, ಸ್ಟಾರ್ ಎಂದು ಮೂರು ಮೆಟ್ಟಿಲು ಮಾಡಿತು. 2018ರ ಕೊನೆಗೆ ಸೆಲೆಬ್ರಿಟಿ ಕಂಪನಿಯ ‘ಎಜ್’ ಹಡಗಿನಲ್ಲಿ ‘ರಿಟ್ರೀಟ್’ ಎಂಬ ಭಾಗ ತೆರೆಯಿತು. ಬೀಗದ ಬದಲು ಈಗ ಕೀಕಾರ್ಡ್ ಇದೆ ಎಂಬುದನ್ನು ಬಿಟ್ಟರೆ ಕೆಲಸ ಅದೇ.

ಇಲ್ಲಿ ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ದ್ಯುಪ್ವಿ ನೆನಪಾಗುತ್ತಾನೆ. ರೈಲಿನ ಮೂರನೆಯ ದರ್ಜೆಯ ಡಬ್ಬಿಗಳಿಗೆ ಚಾವಣಿ ಯಾಕಿಲ್ಲ ಎಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲೇ ಅವನು ವಿವರಣೆ ಕೊಟ್ಟಿದ್ದ. ಚಾವಣಿಯ ಖರ್ಚು ಉಳಿಸುವುದು ಕಂಪನಿಯ ಉದ್ದೇಶವಲ್ಲ, ಎರಡನೆಯ ದರ್ಜೆಗೆ ಹಣ ಕೊಡಬಲ್ಲವರು ಕೆಳಗಿನ ದರ್ಜೆಗೆ ಇಳಿಯದಂತೆ ಹೆದರಿಸುವುದೇ ಉದ್ದೇಶ ಎಂದು ಅವನು ಕಂಡಿದ್ದ. ಹಡಗಿಗೆ ಈ ವಿವರಣೆ ಪೂರ್ತಿಯಾಗಿ ಒಗ್ಗುವುದಿಲ್ಲ. ಕ್ರೂಸ್ ಹಡಗಿನ ಸಾಮಾನ್ಯ ಊಟ ಚೆನ್ನಾಗಿಯೇ ಇರುತ್ತದೆ, ತಲೆಯ ಮೇಲೆ ಚಾವಣಿಯೂ ಇರುತ್ತದೆ. ಆದರೆ ಐದೂವರೆ ಸಾವಿರ ಜನ ಒಂದೇ ದಿನ ಹತ್ತಿ ಒಂದೇ ದಿನ ಇಳಿಯುವಲ್ಲಿ ಸಾಲು ತಾನಾಗಿಯೇ ಹುಟ್ಟುತ್ತದೆ. ಹುಟ್ಟಿದ ಸಾಲನ್ನು ಎಲ್ಲರಿಗೂ ಕಡಿಮೆ ಮಾಡುವುದಕ್ಕಿಂತ ಕೆಲವರಿಗೆ ತಪ್ಪಿಸಿಕೊಡುವುದು ಕಂಪನಿಗೆ ಲಾಭದ ದಾರಿ. ಕೊಳ್ಳುವವರು ಇಷ್ಟನ್ನು ತಿಳಿದಿದ್ದರೆ ಸಾಕು, ಸಿಟ್ಟಾಗಬೇಕಿಲ್ಲ.

ಓಯಸಿಸ್‌ನಲ್ಲಿ ಮೆಟ್ಟಿಲುಗಳು

2009ರಲ್ಲಿ ಸೇವೆಗೆ ಬಂದ ಓಯಸಿಸ್ ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಪ್ರಯಾಣಿಕರ ಹಡಗು. ಗಾತ್ರ ಎರಡು ಲಕ್ಷ ಇಪ್ಪತ್ತೈದು ಸಾವಿರ ಟನ್ನಿಗೂ ಮೇಲೆ. ಈ ‘ಟನ್’ ತೂಕ ಅಲ್ಲ, ಹಡಗಿನ ಒಳಗಿನ ಒಟ್ಟು ಅವಕಾಶದ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬರಿಗೆ ಎಷ್ಟು ಜಾಗ ಎಂಬ ಅಂದಾಜು ಸಿಗುತ್ತದೆ. ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೆ ಓಯಸಿಸ್‌ನಲ್ಲಿ ಅದು ಸುಮಾರು 40. ಮಕ್ಕಳ ಶಾಲೆಗೆ ರಜೆಯಿರುವ ವಾರಗಳಲ್ಲಿ ಒಂದೇ ಕೋಣೆಯಲ್ಲಿ ಮೂವರು ನಾಲ್ವರು ಇರುವುದರಿಂದ ಜಾಗ ಇನ್ನೂ ಇಳಿಯುತ್ತದೆ.

ಇಲ್ಲಿ ಬಾಲ್ಕನಿ ಕೋಣೆ ಸುಮಾರು 182 ಚದರಡಿ, ಜೂನಿಯರ್ ಸೂಟ್ ಸುಮಾರು 287. ವ್ಯತ್ಯಾಸ ನೂರೈದು ಚದರಡಿ, ಅಂದರೆ ಹತ್ತಡಿಗೆ ಹತ್ತೂವರೆ ಅಡಿಯ ಒಂದು ಚಿಕ್ಕ ಕೋಣೆಯಷ್ಟು. ಆರಂಭದಲ್ಲಿ ಹೇಳಿದ, ಬೆಲೆ ಬರೆದು ಕಳಿಸುವ ಹರಾಜಿನಲ್ಲಿ ಹೆಚ್ಚು ಜನ ಕಣ್ಣಿಡುವುದು ಈ ಜೂನಿಯರ್ ಸೂಟ್ ಮೇಲೆಯೇ, ಯಾಕೆಂದರೆ ಹೆಸರಿನಲ್ಲಿ ಸೂಟ್ ಇದೆ, ಬೆಲೆ ಕೈಗೆಟುಕುತ್ತದೆ. ಆದರೆ ಕಂಪನಿ ಅದನ್ನು ಸೂಟ್ ಎಂದು ಎಣಿಸುತ್ತದೆಯೇ? ಇದಕ್ಕೆ ಜಾಹೀರಾತಿಗಿಂತ ನಂಬಬಹುದಾದ ಸಾಕ್ಷಿ ಟಿಪ್ಸ್‌ನ ಪಟ್ಟಿ. ಸಿಬ್ಬಂದಿಗೆಂದು ದಿನಕ್ಕೆ ತಲೆಗಿಷ್ಟು ಎಂದು ಬಿಲ್ಲಿಗೆ ಸೇರುವ ಮೊತ್ತ 2024ರ ಕೊನೆಯ ಪರಿಷ್ಕರಣೆಯ ನಂತರ ಸಾಮಾನ್ಯ ಕೋಣೆಗಳಿಗೆ 18.50 ಡಾಲರ್, ಸೂಟ್‌ಗಳಿಗೆ 21 ಡಾಲರ್. ಜೂನಿಯರ್ ಸೂಟ್‌ನವರು ಕೊಡುವುದು 18.50. ಸೇವೆಯ ಲೆಕ್ಕಪುಸ್ತಕದಲ್ಲಿ ಅದು ದೊಡ್ಡದೊಂದು ಬಾಲ್ಕನಿ ಕೋಣೆ ಎಂದೇ ಅರ್ಥ.

ಸೌಲಭ್ಯಗಳ ಪಟ್ಟಿಯೂ ಇದಕ್ಕೆ ತಾಳೆಯಾಗುತ್ತದೆ. ಈ ಹಡಗುಗಳ ಹದಿನೇಳನೆಯ ಡೆಕ್ಕಿನಲ್ಲಿ ಸೂಟ್‌ನವರಿಗೆಂದೇ ‘ಕೋಸ್ಟಲ್ ಕಿಚನ್’ ಎಂಬ ಊಟದ ಮನೆ, ಲೌಂಜ್, ಬಿಸಿಲು ಕಾಯುವ ಡೆಕ್ ಇವೆ. ಗ್ರ್ಯಾಂಡ್ ಸೂಟ್‌ನಿಂದ ಮೇಲಿನವರಿಗೆ, ಅಂದರೆ ಸ್ಕೈ ಮತ್ತು ಸ್ಟಾರ್ ದರ್ಜೆಗೆ, ಮೂರು ಹೊತ್ತೂ ಅಲ್ಲಿ ಪ್ರವೇಶ. ಜೂನಿಯರ್ ಸೂಟ್ ಸೇರುವ ಸೀ ದರ್ಜೆಗೆ ಜಾಗವಿದ್ದರೆ ರಾತ್ರಿ ಊಟ ಮಾತ್ರ. ಲೌಂಜ್ ಇಲ್ಲ, ಆ ಬಿಸಿಲು ಡೆಕ್ಕೂ ಇಲ್ಲ. ನಾನು ಮೇಲೆ ಹೇಳಿದ ಬಾಗಿಲಾಚೆಯ ಸರಕು ಬಹುಪಾಲು ಸ್ಕೈ ದರ್ಜೆಯಿಂದ ಶುರುವಾಗುತ್ತದೆ. ಜೂನಿಯರ್ ಸೂಟ್‌ಗೆ ಹಣ ಹಾಕುವವರು ನೂರೈದು ಚದರಡಿಗೆ ಹಣ ಹಾಕುತ್ತಿದ್ದಾರೆ. ಅದು ಬೇಕಿದ್ದರೆ ಸರಿಯೇ, ಆದರೆ ಸೂಟ್ ಸಿಕ್ಕಿತೆಂದು ಹತ್ತಿದವರಿಗೆ ಹದಿನೇಳನೆಯ ಡೆಕ್ಕಿನ ಬಾಗಿಲಲ್ಲಿ ಕೀಕಾರ್ಡ್ ಕೆಂಪು ದೀಪ ತೋರಿಸುತ್ತದೆ.

ಮೇಲಿನ ತುದಿಯ ಸ್ಟಾರ್ ದರ್ಜೆಯಲ್ಲಿ ಬೇರೆ ತೊಡಕಿದೆ. ಅಲ್ಲಿ ‘ಜೀನಿ’ ಎಂದು ಕರೆಯುವ ಸಹಾಯಕ ಸಿಬ್ಬಂದಿ, ಹೆಚ್ಚಿನ ಹಣ ಕೇಳುವ ರೆಸ್ಟೊರೆಂಟ್‌ಗಳಲ್ಲಿ ಊಟ, ಮದ್ಯವೂ ಸೇರಿದ ಪಾನೀಯದ ಪ್ಯಾಕೇಜು ಎಲ್ಲವೂ ಬೆಲೆಯೊಳಗೇ ಇವೆ. ಇಂಥ ಪಟ್ಟಿ ಕಂಡಾಗ ಒಂದೊಂದರ ಅಂಗಡಿ ಬೆಲೆಯನ್ನು ಕೂಡಿ ‘ಇಷ್ಟೆಲ್ಲ ಉಳಿಯಿತು’ ಎಂದುಕೊಳ್ಳುವುದು ಸುಲಭ. ಪ್ರತ್ಯೇಕವಾಗಿ ಹಣ ಕೊಟ್ಟು ಕೊಳ್ಳುತ್ತಿದ್ದ ವಸ್ತುವಿಗೆ ಮಾತ್ರ ಬೆಲೆ ಹಾಕಬೇಕು, ಮಿಕ್ಕದ್ದಕ್ಕೆ ಸೊನ್ನೆ. ಕುಡಿಯದ ಮನೆಯವರಿಗೆ ಮದ್ಯದ ಪ್ಯಾಕೇಜಿನ ಬೆಲೆ ಸೊನ್ನೆಯೇ. ಸಸ್ಯಾಹಾರಿಗಳಿಗೆ ಮಾಂಸದ ತಿನಿಸುಗಳಿಗೇ ಹೆಸರಾದ ಸ್ಟೇಕ್‌ಹೌಸ್‌ನ ಬೆಲೆ ಹೆಚ್ಚುಕಡಿಮೆ ಅಷ್ಟೇ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬಂದು ಅವರೊಡನೆ ಕ್ರೂಸ್ ಹೋಗುವ ನಮ್ಮ ಕಡೆಯ ಹಿರಿಯರಿಗೆ ಇದು ನೇರವಾಗಿ ತಟ್ಟುವ ಮಾತು. ಅನ್ನ, ಬೇಳೆ, ಪಲ್ಯ ಕೇಳಿದರೆ ಮಾಡಿಕೊಡುವ ಅನುಕೂಲ ಹೆಚ್ಚಾಗಿ ಇರುವುದು ಹಡಗಿನ ಮುಖ್ಯ ಊಟದ ಮನೆಯಲ್ಲಿ. ಮೊದಲ ರಾತ್ರಿಯೇ ಅಲ್ಲಿನ ಹೆಡ್ ವೇಟರ್‌ಗೆ ಹೇಳಿಟ್ಟರೆ ಮರುದಿನದಿಂದ ಭಾರತೀಯ ಅಡುಗೆ ಮೇಜಿಗೆ ಬರುವುದು ಸಾಮಾನ್ಯ. ಸೂಟ್‌ನವರೂ ಅಲ್ಲೇ ಹೋಗಿ ಉಣ್ಣಬಹುದು. ಹಾಗೆ ಉಣ್ಣುವುದಾದರೆ ಕೋಸ್ಟಲ್ ಕಿಚನ್‌ಗೆ ಕೊಟ್ಟ ಪಾಲು ವ್ಯರ್ಥ.

ಇನ್ನು ದಿನಗಳ ಲೆಕ್ಕ. ಏಳು ರಾತ್ರಿಯ ಕೆರಿಬಿಯನ್ ಪ್ರಯಾಣದಲ್ಲಿ ಹಡಗು ಸಾಮಾನ್ಯವಾಗಿ ಮೂರೋ ನಾಲ್ಕೋ ಬಂದರು ಮುಟ್ಟುತ್ತದೆ, ಎರಡೋ ಮೂರೋ ದಿನ ಪೂರ್ತಿ ಸಮುದ್ರದಲ್ಲಿರುತ್ತದೆ. ಬಂದರಿನ ದಿನ ಬೆಳಗ್ಗೆ ಇಳಿದವರು ಸಂಜೆ ಮರಳುತ್ತಾರೆ. ಆ ಹೊತ್ತಿನಲ್ಲಿ ಹಡಗು ಅರ್ಧ ಖಾಲಿ. ಈಜುಕೊಳದ ಬದಿ ಕುರ್ಚಿ ಯಾರಿಗೆ ಬೇಕಾದರೂ ಸಿಗುತ್ತದೆ, ಅಂದರೆ ಆ ದಿನ ಸೂಟ್‌ನವರ ಪ್ರತ್ಯೇಕ ಡೆಕ್ಕಿಗೆ ಬೆಲೆಯೇ ಇಲ್ಲ. ಮಳೆಗಾಲ ಮುಗಿದ ಮೇಲೆ ನವಮಂಗಳೂರು ಬಂದರಿಗೆ ಬರುವ ವಿದೇಶಿ ಕ್ರೂಸ್ ಹಡಗುಗಳಲ್ಲೂ ಇದು ಕಾಣುತ್ತದೆ. ಕಾರ್ಕಳದ ಗೊಮ್ಮಟ, ಮೂಡಬಿದಿರೆಯ ಸಾವಿರ ಕಂಬದ ಬಸದಿ ನೋಡಲು ಹೊರಡುವ ಬಸ್ಸಿನಲ್ಲಿ ಸೂಟ್‌ನವರೂ ಕಿಟಕಿಯಿಲ್ಲದ ಒಳಕೋಣೆಯವರೂ ಪಕ್ಕಪಕ್ಕ ಕೂತಿರುತ್ತಾರೆ, ಸಾವಿರಾರು ಡಾಲರಿನ ಬಾಲ್ಕನಿ ಪಣಂಬೂರಿನ ಬಿಸಿಲಿನಲ್ಲಿ ಒಣಗುತ್ತಿರುತ್ತದೆ. ಸಮುದ್ರದ ದಿನ ಇದು ತಿರುಗುಮುರುಗು. ಎಲ್ಲರೂ ಹಡಗಿನಲ್ಲೇ ಇರುತ್ತಾರೆ, ಬಿಸಿಲೂ ಹಿತವಾಗಿರುತ್ತದೆ, ಬೆಳಗ್ಗೆ ಒಂಬತ್ತಕ್ಕೆಲ್ಲ ಕುರ್ಚಿಗಳ ಮೇಲೆ ಟವೆಲ್ ಹಾಸಿಯಾಗಿರುತ್ತದೆ. ಆ ಎರಡು ಮೂರು ದಿನಗಳಲ್ಲಿ ಸ್ಕೈ ದರ್ಜೆಯ ಹಣ ಕೆಲಸ ಮಾಡುತ್ತದೆ. ಹೆಚ್ಚುವರಿ ಮೊತ್ತವನ್ನು ಏಳರಿಂದ ಭಾಗಿಸಿ ‘ರಾತ್ರಿಗೆ ಇಷ್ಟೇ’ ಎಂದು ತೋರಿಸುವ ಲೆಕ್ಕ ಈ ಕಾರಣಕ್ಕೆ ಮೋಸದ್ದು; ಭಾಗಿಸಬೇಕಾದದ್ದು ಸಮುದ್ರದ ದಿನಗಳಿಂದ. ಬೋಟಿನಲ್ಲಿ ದಡ ಸೇರಬೇಕಾದ ಗ್ರ್ಯಾಂಡ್ ಕೇಮನ್‌ನಂಥ ಕಡೆ ಹೋಗುವ ಹಡಗಾದರೆ, ಬೋಟಿನ ಸಾಲಿನಲ್ಲಿ ಸಿಗುವ ಆದ್ಯತೆಗೆಂದು ಬಂದರಿನ ದಿನಕ್ಕೂ ಸ್ವಲ್ಪ ಸೇರಿಸಿಕೊಳ್ಳಬಹುದು.

ಎಲ್ಲವೂ ಸಮುದ್ರದ ದಿನವಾದಾಗ

ಹಾಗಾದರೆ ಬಂದರೇ ಇಲ್ಲದ ಅಟ್ಲಾಂಟಿಕ್ ಪ್ರಯಾಣದಲ್ಲಿ ಸೂಟ್‌ಗೆ ಅತಿ ಹೆಚ್ಚು ಬೆಲೆ ಬರಬೇಕು. ಕ್ವೀನ್ ಮೇರಿ 2 ಇದನ್ನು ಅಷ್ಟು ಸರಳವಾಗಿ ಒಪ್ಪುವುದಿಲ್ಲ. 2004ರ ಜನವರಿಯಲ್ಲಿ ಮೊದಲ ಪ್ರಯಾಣ ಮಾಡಿದ ಈ 345 ಮೀಟರ್ ಉದ್ದದ ಹಡಗಿನ ಗಾತ್ರ ಒಂದೂವರೆ ಲಕ್ಷ ಟನ್ನಿಗೆ ಸಮೀಪ, ಪ್ರಯಾಣಿಕರು ಸುಮಾರು 2,700. ಒಬ್ಬರಿಗೆ ಸಿಗುವ ಜಾಗ ಸುಮಾರು 55, ಓಯಸಿಸ್‌ಗಿಂತ ಮೂರನೆಯ ಒಂದು ಪಾಲಿಗೂ ಹೆಚ್ಚು. ಜೊತೆಗೆ ಇಲ್ಲಿನ ಆಕರ್ಷಣೆಗಳು ಬಿಸಿಲಿನಲ್ಲಿ ಇಲ್ಲ. ದೊಡ್ಡ ಗ್ರಂಥಾಲಯ, ತಾರಾಲಯ, ಉಪನ್ಯಾಸಗಳು, ಮಧ್ಯಾಹ್ನದ ಚಹಾ, ಸಂಜೆಯ ನೃತ್ಯ ಎಲ್ಲ ದರ್ಜೆಗೂ ಒಂದೇ. ತಪ್ಪಿಸಿಕೊಳ್ಳಬೇಕಾದ ಜನಸಂದಣಿಯೇ ತೆಳುವಾದಾಗ ತಪ್ಪಿಸಿಕೊಳ್ಳುವ ಹಕ್ಕಿನ ಬೆಲೆಯೂ ಇಳಿಯುತ್ತದೆ.

ಬಾಲ್ಕನಿಯ ವಿಚಾರವನ್ನೂ ಇಲ್ಲಿ ಬೇರೆಯಾಗಿ ನೋಡಬೇಕು. ಹಡಗು ಗಂಟೆಗೆ ಸುಮಾರು 35 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ, ಗಾಳಿ ಬೀಸದೆ ನಿಂತ ದಿನವೂ ಅಷ್ಟು ಎದುರುಗಾಳಿ ಇದ್ದೇ ಇರುತ್ತದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಗಾಳಿ ನಿಲ್ಲುವ ದಿನಗಳೂ ಕಡಿಮೆ. ಈ ಹಡಗಿನ ಕೆಳ ಡೆಕ್ಕುಗಳಲ್ಲಿ ಹಡಗಿನ ಉಕ್ಕಿನ ಮೈಯನ್ನೇ ಕೊರೆದು ಮಾಡಿದ ಮರೆಬಾಲ್ಕನಿಗಳಿವೆ. ಕೂತರೆ ಸಮುದ್ರ ಕಾಣದಷ್ಟು ಎತ್ತರದ ಉಕ್ಕಿನ ಗೋಡೆ ಎಂದು ಕೆಲವರು ಮೂಗು ಮುರಿಯುತ್ತಾರೆ. ಆದರೆ ಈ ಮಾರ್ಗದಲ್ಲಿ ಹೊರಗೆ ಕೂರಲಾಗುವುದು ಹೆಚ್ಚಾಗಿ ಅಲ್ಲಿಯೇ. ಕಡಿಮೆ ಬೆಲೆಯ ಬಾಲ್ಕನಿ ಹೆಚ್ಚು ಬೆಲೆಯದಕ್ಕಿಂತ ಉಪಯೋಗಕ್ಕೆ ಬರುವ ಇಂಥ ಉದಾಹರಣೆ ಅಪರೂಪ.

ವ್ಯತ್ಯಾಸ ಎದ್ದು ಕಾಣುವುದು ಊಟದಲ್ಲಿ. ಸಾಮಾನ್ಯ ದರ್ಜೆಯವರು ಉಣ್ಣುವ ಬ್ರಿಟಾನಿಯಾ ರೆಸ್ಟೊರೆಂಟ್‌ನಲ್ಲಿ ರಾತ್ರಿ ಎರಡು ಪಂಕ್ತಿ. ಯಾವ ಪಂಕ್ತಿಗೆ ಹೆಸರು ಬಿದ್ದಿದೆಯೋ ಆ ಹೊತ್ತಿಗೆ ಹೋಗಬೇಕು. ಸೂಟ್ ದರ್ಜೆಗಳಾದ ಪ್ರಿನ್ಸೆಸ್ ಗ್ರಿಲ್, ಕ್ವೀನ್ಸ್ ಗ್ರಿಲ್‌ನವರಿಗೆ ಏಳನೆಯ ಡೆಕ್ಕಿನಲ್ಲಿ ತಮ್ಮದೇ ಮೇಜು, ಊಟದ ವೇಳೆಯೊಳಗೆ ಯಾವಾಗ ಬೇಕಾದರೂ ಹೋಗಬಹುದು. ಪ್ರಿನ್ಸೆಸ್ ಸೂಟ್ ಸುಮಾರು 381 ಚದರಡಿ, ಸಾಮಾನ್ಯ ಬಾಲ್ಕನಿ ಕೋಣೆ ಸುಮಾರು 248. ಇವೆರಡರ ನಡುವೆ ‘ಬ್ರಿಟಾನಿಯಾ ಕ್ಲಬ್’ ಎಂಬ ಮೆಟ್ಟಿಲೊಂದಿದೆ. ಕೋಣೆ ಬಾಲ್ಕನಿಯವರ ಹಾಗೆಯೇ, ಆದರೆ ಊಟಕ್ಕೆ ಪಂಕ್ತಿಯ ಕಟ್ಟಿಲ್ಲ, ನಿಮ್ಮ ಮೇಜು ನಿಮಗಾಗಿ ಕಾದಿರುತ್ತದೆ. ಏಳು ರಾತ್ರಿ ಅಟ್ಲಾಂಟಿಕ್ ದಾಟುವವರು ನನ್ನನ್ನು ಕೇಳಿದರೆ ಪ್ರಿನ್ಸೆಸ್ ಗ್ರಿಲ್‌ಗೆ ಹಾರುವ ಮುನ್ನ ಈ ಮೆಟ್ಟಿಲಿನ ಬೆಲೆ ವಿಚಾರಿಸಿ ಎನ್ನುತ್ತೇನೆ. ಗ್ರಿಲ್‌ನಲ್ಲಿ ಸಿಗುವುದರಲ್ಲಿ ಈ ಮಾರ್ಗದಲ್ಲಿ ದಿನವೂ ಅನುಭವಕ್ಕೆ ಬರುವ ಭಾಗವನ್ನು ಅದು ಕಡಿಮೆ ಹಣಕ್ಕೆ ಕೊಡುತ್ತದೆ. (ಪಶ್ಚಿಮಕ್ಕೆ ಹೋಗುವವರಿಗೆ ಗಡಿಯಾರ ಐದು ಸಲ ಒಂದೊಂದು ಗಂಟೆ ಹಿಂದಕ್ಕೆ ಸರಿಯುವುದರಿಂದ ಒಟ್ಟು ಐದು ಗಂಟೆ ಹೆಚ್ಚು ಸಿಗುತ್ತದೆ. ಪೂರ್ವಕ್ಕೆ ಬರುವವರು ಅಷ್ಟನ್ನೇ ಕಳೆದುಕೊಳ್ಳುತ್ತಾರೆ. ಒಂದೇ ಬೆಲೆಯ ಸೂಟ್ ಒಂದು ದಿಕ್ಕಿನಲ್ಲಿ ಹೆಚ್ಚು ಹೊತ್ತು ಬಾಳುತ್ತದೆ.)

ಹರಾಜಿನ ಒಳಗು

ಇನ್ನು ಬೆಲೆ ಬರೆಯುವ ಕ್ರಮ. ಪ್ಲಸ್‌ಗ್ರೇಡ್‌ನಂಥ ಸಂಸ್ಥೆಗಳು ಮೊದಲು ವಿಮಾನ ಕಂಪನಿಗಳಿಗೆ ಕಟ್ಟಿಕೊಟ್ಟ ವ್ಯವಸ್ಥೆಯೇ ಹಡಗಿಗೂ ಬಂದಿದೆ. ಪ್ರಯಾಣಿಕನಿಗೆ ತೆರೆಯ ಮೇಲೆ ಒಂದು ಕನಿಷ್ಠ ಮೊತ್ತ ಕಾಣುತ್ತದೆ. ಗುಂಡಿ ಎಳೆದು ಮೊತ್ತ ಏರಿಸಿದಂತೆ ‘ದುರ್ಬಲ’, ‘ಪ್ರಬಲ’ ಎಂದು ಸೂಚಿಸುವ ಮಾಪಕವೂ ಇರುತ್ತದೆ. ಇತರರು ಎಷ್ಟು ಬರೆದಿದ್ದಾರೆಂದು ಕಾಣುವುದಿಲ್ಲ, ಗೆದ್ದವರು ತಾವು ಬರೆದಷ್ಟನ್ನೂ ಕೊಡಬೇಕು. ಶಿರಸಿ, ಶಿವಮೊಗ್ಗದ ಅಡಿಕೆ ಮಾರುಕಟ್ಟೆಯ ಟೆಂಡರ್ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿಯೂ ಖರೀದಿದಾರ ಪಕ್ಕದವನ ದರ ಕಾಣದೆ ತನ್ನ ದರ ಬರೆಯುತ್ತಾನೆ, ಹೆಚ್ಚು ಬರೆದವನಿಗೆ ಮಾಲು, ಬರೆದದ್ದೇ ದರ. ಆದರೆ ಅಡಿಕೆ ವ್ಯಾಪಾರಿಗೆ ಬೆಳಗಿನ ಮಾರುಕಟ್ಟೆ ಗೊತ್ತು, ರಾಶಿಯಲ್ಲಿ ಕೈಯಾಡಿಸಿ ನೋಡಿರುತ್ತಾನೆ. ಹಡಗಿನವನಿಗೆ ಯಾವ ಡೆಕ್ಕಿನ ಯಾವ ಸೂಟ್ ಎಂಬುದೂ ತಿಳಿದಿರುವುದಿಲ್ಲ.

ಇಂಥ ಹರಾಜಿನಲ್ಲಿ ತನಗೆ ಆ ವಸ್ತು ನಿಜಕ್ಕೂ ಎಷ್ಟಕ್ಕೆ ಬಾಳುತ್ತದೋ ಅಷ್ಟನ್ನೂ ಬರೆದುಬಿಟ್ಟರೆ ಗೆದ್ದರೂ ಲಾಭ ಉಳಿಯುವುದಿಲ್ಲ, ಅದಕ್ಕಿಂತ ಕೆಳಗೆ ಬರೆಯುವುದೇ ಜಾಣತನ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ವಿಶ್ಲೇಷಿಸಿದ. ಎಷ್ಟು ಕೆಳಗೆ ಎಂಬುದು ಪೈಪೋಟಿಗೆ ಎಷ್ಟು ಜನ ಇದ್ದಾರೆ ಎನ್ನುವುದರ ಮೇಲೆ ನಿಂತಿದೆ. ಹಾಗಾಗಿ ಮೊದಲು ಸಮುದ್ರದ ದಿನಗಳ ಲೆಕ್ಕದಿಂದ ತನ್ನ ಗರಿಷ್ಠ ಮಿತಿಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಮಾಪಕದ ಕಡೆ ನೋಡುವುದು ಆಮೇಲೆ. ಆ ಮಾಪಕವನ್ನು ಇಟ್ಟಿರುವುದು ಮಾರುವವರು ಎಂಬುದನ್ನು ಮರೆಯಬಾರದು.

ಇನ್ನೊಂದು ಸೂಕ್ಷ್ಮ ಮೊತ್ತದ ಅರ್ಥದಲ್ಲಿದೆ. ತೆರೆಯ ಮೇಲೆ ಕಾಣುವುದು ತಲಾ ಮೊತ್ತ. ಕೋಣೆಯ ಮೊದಲ ಇಬ್ಬರಿಗೆ ಅದು ಅನ್ವಯಿಸುತ್ತದೆ. ಮಾತಿಗೆ 150 ಡಾಲರ್ ಎಂದಿಟ್ಟುಕೊಳ್ಳೋಣ. ದಂಪತಿಗೆ ಅದು 300. ಒಬ್ಬರೇ ಪ್ರಯಾಣಿಸುವವರಿಗೂ 300, ಯಾಕೆಂದರೆ ಕೋಣೆಯ ಲೆಕ್ಕ ಇಬ್ಬರದೇ. ಇಬ್ಬರು ಮಕ್ಕಳೊಡನೆ ನಾಲ್ವರಿರುವ ಕೋಣೆಗೂ ಅದೇ 300, ಮೂರನೆಯವರಿಗೂ ನಾಲ್ಕನೆಯವರಿಗೂ ಬೇರೆ ಹಣ ಇಲ್ಲ. ಒಂಟಿ ಪ್ರಯಾಣಿಕನಿಗೆ ತಲೆಗೆ 300 ಬಿದ್ದರೆ ಈ ಕುಟುಂಬಕ್ಕೆ ತಲೆಗೆ 75. ಸ್ಕೈ ದರ್ಜೆಗೆ ಏರಿದರೆ ಇದರ ಮೇಲೆ ಟಿಪ್ಸ್‌ನ ವ್ಯತ್ಯಾಸ ಸೇರುತ್ತದೆ. ದಿನಕ್ಕೆ ತಲೆಗೆ ಎರಡೂವರೆ ಡಾಲರಿನಂತೆ ಏಳು ರಾತ್ರಿಗೆ ಇಬ್ಬರಿಗೆ 35 ಡಾಲರ್, ನಾಲ್ವರಿಗೆ 70.

ಕಂಪನಿ ಒಪ್ಪುವವರೆಗೂ ಬರೆದ ಮೊತ್ತವನ್ನು ಬದಲಿಸಬಹುದು, ಹಿಂದೆಗೆದುಕೊಳ್ಳಲೂಬಹುದು. ಒಪ್ಪಿದ ಕ್ಷಣ ಕಾರ್ಡಿನಿಂದ ಹಣ ಹೋಗುತ್ತದೆ, ಮತ್ತೆ ಬರುವುದಿಲ್ಲ. ಮತ್ತೆ ಮತ್ತೆ ಬರುವವರಿಗೆ ಕಂಪನಿ ಕೊಡುವ ನಿಷ್ಠೆಯ ಅಂಕಗಳು ಮೊದಲು ಕೊಂಡ ಕೋಣೆಯ ಲೆಕ್ಕದಲ್ಲೇ ಸಿಗುತ್ತವೆ. ಪೂರ್ತಿ ಬೆಲೆ ಕೊಟ್ಟು ಸೂಟ್ ಕೊಂಡವರಿಗೆ ರಾಯಲ್ ಕೆರಿಬಿಯನ್‌ನಲ್ಲಿ ಅವು ದುಪ್ಪಟ್ಟು. ಎಲ್ಲಕ್ಕಿಂತ ಮುಖ್ಯವಾಗಿ, ಜಾಗ ಆರಿಸುವ ಹಕ್ಕು ಹೋಗುತ್ತದೆ.

ಜಾಗ ಯಾಕೆ ಮುಖ್ಯ ಎಂಬುದಕ್ಕೆ ಹೊಟ್ಟೆ ತೊಳಸುವವರನ್ನು ಕೇಳಬೇಕು. ಸಂಶೋಧಕರಾದ ಓಹ್ಯಾನ್ಲನ್ ಮತ್ತು ಮಕಾಲಿ 1974ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ಮೇಲೆ ಕೆಳಗೆ ತೂಗುವ ಚಲನೆ ಸೆಕೆಂಡಿಗೆ 0.2 ಆವರ್ತದ ಆಸುಪಾಸಿನಲ್ಲಿದ್ದಾಗ, ಅಂದರೆ ಐದಾರು ಸೆಕೆಂಡಿಗೊಂದು ತೂಗಾಟವಾದಾಗ, ವಾಂತಿ ಬರಿಸುವ ಶಕ್ತಿ ಅತಿ ಹೆಚ್ಚು. ಹಡಗು ಮೂತಿ ಎತ್ತಿ ಇಳಿಸುವಾಗ ನಡುಭಾಗ ಹೆಚ್ಚು ಅಲುಗುವುದಿಲ್ಲ, ತುದಿಗಳು ಏರಿಳಿಯುತ್ತವೆ. ಪಕ್ಕಕ್ಕೆ ವಾಲುವಾಗ ಮೇಲಿನ ಡೆಕ್ಕುಗಳು ಹೆಚ್ಚು ದೂರ ತೂಗುತ್ತವೆ. ಹಡಗಿನ ಪಕ್ಕದ ರೆಕ್ಕೆಗಳು ವಾಲುವುದನ್ನು ತಗ್ಗಿಸುತ್ತವೆ, ಮೂತಿ ಏರಿಳಿಯುವುದಕ್ಕೆ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ದೊಡ್ಡ ಸೂಟ್‌ಗಳು ಇರುವುದೋ ಹೆಚ್ಚಾಗಿ ಮೇಲೆ, ಇಲ್ಲವೇ ತುದಿಗಳಲ್ಲಿ: ಕ್ವೀನ್ ಮೇರಿ 2ರ ಎರಡಂತಸ್ತಿನ ಸೂಟ್‌ಗಳು ಹಿಂತುದಿಯಲ್ಲಿವೆ, ಓಯಸಿಸ್‌ನ ಲಾಫ್ಟ್ ಸೂಟ್‌ಗಳು ಎತ್ತರದಲ್ಲಿವೆ. ಓಯಸಿಸ್‌ನ ‘ಅಕ್ವಾಥಿಯೇಟರ್’ ಸೂಟ್‌ಗಳು ಹಿಂತುದಿಯಲ್ಲಿದ್ದು, ಬಾಲ್ಕನಿಯ ಕೆಳಗೇ ಜಲಪ್ರದರ್ಶನ ನಡೆಯುತ್ತದೆ. ಬೇಗ ಮಲಗುವವರಿಗೆ ಅದು ಬಹುಮಾನವಲ್ಲ. ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸುವವರು ನಡುಭಾಗದ ಕೆಳ ಡೆಕ್ಕಿನಲ್ಲಿ ಕೋಣೆ ಆರಿಸಿ ಪಡೆದಿದ್ದರೆ ಅದನ್ನು ಹರಾಜಿಗೆ ಒಡ್ಡಬಾರದು. ಇದೊಂದನ್ನು ನಾನು ಸಂಶಯವಿಲ್ಲದೆ ಹೇಳಬಲ್ಲೆ.

ಹೋಲಿಕೆಯ ಕಣ್ಣು, ಬಾಳುವೆಯ ಕಣ್ಣು

ಕ್ರಿಸ್ಟೊಫರ್ ಶೀ ಮತ್ತು ಜಿಯಾವೊ ಜಾಂಗ್ ಎಂಬ ಸಂಶೋಧಕರು 2004ರಲ್ಲಿ ವಿವರಿಸಿದ ಮನಸ್ಸಿನ ಒಲವೊಂದು ಇಲ್ಲಿ ಕೆಲಸ ಮಾಡುತ್ತದೆ. ಎರಡನ್ನು ಪಕ್ಕಪಕ್ಕ ಇಟ್ಟು ನೋಡುವಾಗ ವ್ಯತ್ಯಾಸ ನಮಗೆ ದೊಡ್ಡದಾಗಿ ಕಾಣುತ್ತದೆ. ಅವುಗಳಲ್ಲಿ ಒಂದರೊಂದಿಗೆ ಬದುಕುವಾಗ ಅಷ್ಟು ತಟ್ಟುವುದಿಲ್ಲ. ಆರಿಸುವವರು ಪಕ್ಕಪಕ್ಕ ನೋಡುತ್ತಾರೆ, ಬದುಕುವುದು ಒಂದರಲ್ಲಿ ಮಾತ್ರ. 182 ಮತ್ತು 287 ಎಂಬ ಅಂಕಿಗಳು ತೆರೆಯ ಮೇಲೆ ಒಂದರ ಕೆಳಗೊಂದು ಬಂದಾಗ ಮೊದಲನೆಯದು ಗೂಡಿನಂತೆ ಕಾಣುತ್ತದೆ. ಹಡಗು ಹತ್ತಿದ ಎರಡನೆಯ ದಿನ ಆ ಅಂಕಿ ನೆನಪಿರುವುದಿಲ್ಲ. ಆದರೆ ಪ್ರತಿ ಬೆಳಗ್ಗೆ ಎದುರಾಗುವ ಸಾಲು ಹೋಲಿಕೆಯ ನೆರವಿಲ್ಲದೆಯೂ ತಟ್ಟುತ್ತದೆ. ಬಾಗಿಲಾಚೆಯ ಸೌಲಭ್ಯಗಳಿಗೆ ತೂಕ ಕೊಡಬೇಕು ಎಂಬ ನನ್ನ ವಾದಕ್ಕೆ ಇದೂ ಒಂದು ಆಧಾರ. ಕೋಣೆ ಬಹಳ ಬೇಗ ಅಭ್ಯಾಸವಾಗುತ್ತದೆ, ಕಾಯುವುದು ಹಾಗಾಗುವುದಿಲ್ಲ.

ಇದರ ಎದುರು, ಹತ್ತಿದ ಮೇಲೂ ಹೋಲಿಕೆ ಬಿಡುವುದಿಲ್ಲ ಎಂಬ ಹೊಟ್ಟೆಕಿಚ್ಚಿನ ವಾದವೊಂದಿದೆ. ವಿಮಾನಗಳಲ್ಲಿ ಮೊದಲ ದರ್ಜೆ ಇದ್ದರೆ, ಅದರ ನಡುವೆ ಹಾದು ಹೋಗಬೇಕಾದರೆ, ಹಿಂದಿನ ದರ್ಜೆಯಲ್ಲಿ ಜಗಳಗಳು ಹೆಚ್ಚು ಎಂದು ಸಂಶೋಧಕರಾದ ಡಿಸೆಲ್ಸ್ ಮತ್ತು ನಾರ್ಟನ್ 2016ರಲ್ಲಿ ವಾದಿಸಿದ್ದರು. ಹಡಗಿಗೆ ಅದನ್ನು ಹಾಗೆಯೇ ತಂದು ಹಚ್ಚುವಂತಿಲ್ಲ. ವಿಮಾನದಲ್ಲಿ ಮೊದಲ ದರ್ಜೆ ಕಣ್ಣೆದುರಿಗಿರುತ್ತದೆ. ಹಡಗಿನಲ್ಲಿ ಅದು ಮೇಲಿನ ಡೆಕ್ಕಿನ ತುದಿಯಲ್ಲಿ, ಎಲ್ಲರೂ ಓಡಾಡದ ಮೂಲೆಯಲ್ಲಿರುತ್ತದೆ. ವಾರವಿಡೀ ಹಡಗಿನಲ್ಲಿದ್ದು ಅದರ ಸುಳಿವೇ ಹತ್ತದೆ ಇಳಿದುಹೋಗುವವರು ಎಷ್ಟೋ ಮಂದಿ.

ಮನೆಮಂದಿಯ ಲೆಕ್ಕ

ಎರಡು ಮೂರು ತಲೆಮಾರು ಒಟ್ಟಿಗೆ ಹೋಗುವ ನಮ್ಮ ಕುಟುಂಬಗಳಿಗೆ ಕೊನೆಯದಾಗಿ ಒಂದು ಮಾತು. ಅಜ್ಜ, ಅಜ್ಜಿ, ಮಗಳು, ಅಳಿಯ ನಾಲ್ವರೂ ಒಂದೇ ಜೂನಿಯರ್ ಸೂಟ್‌ನಲ್ಲಿ ಇರಬಹುದು ಎಂಬುದು ನಕ್ಷೆಯಲ್ಲಿ ನಿಜ, ಸೋಫಾ ಬಿಡಿಸಿದರೆ ಹಾಸಿಗೆಯಾಗುತ್ತದೆ. ಆದರೆ ಬಚ್ಚಲು ಒಂದೇ. ಬೆಳಗ್ಗೆ ಎಂಟಕ್ಕೆ ಬಂದರಿನಲ್ಲಿ ಇಳಿಯಬೇಕಾದ ದಿನ ನಾಲ್ವರು ದೊಡ್ಡವರಿಗೆ ಒಂದು ಬಚ್ಚಲು ಎಂದರೆ ಹಡಗಿನ ಸಾಲು ತಪ್ಪಿಸಿ ಮನೆಯೊಳಗೇ ಸಾಲು ಹಚ್ಚಿದಂತೆ. ಅದೇ ಹಣಕ್ಕೆ ಅಕ್ಕಪಕ್ಕದ ಎರಡು ಬಾಲ್ಕನಿ ಕೋಣೆ ಸಿಗುವುದಾದರೆ, ಅಥವಾ ಒಂದು ಬಾಲ್ಕನಿ, ಎದುರಿಗೊಂದು ಒಳಕೋಣೆ ಸಿಕ್ಕಿದರೂ, ನಾನು ಅದನ್ನೇ ಆರಿಸುತ್ತೇನೆ. ಮಕ್ಕಳು ಚಿಕ್ಕವರಾದರೆ ಮಾತು ಬೇರೆ. ಆಗ ಮೂರನೆಯವರಿಗೂ ನಾಲ್ಕನೆಯವರಿಗೂ ಹಣ ಕೇಳದ ಹರಾಜು ಕುಟುಂಬದ ಪರ ಇರುತ್ತದೆ.

ಮುಂಬಯಿಯಿಂದ ಹೊರಡುವ ಕಾರ್ಡೇಲಿಯಾದ ‘ಎಂಪ್ರೆಸ್’ ಹಡಗಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅದು 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಕಟ್ಟಿದ ಹಡಗು, ಬಾಲ್ಕನಿ ಇನ್ನೂ ಸಾಮಾನ್ಯವಾಗಿರದ ಕಾಲದ್ದು. ಅಲ್ಲಿ ಬಾಲ್ಕನಿ ಬೇಕೆಂದರೆ ಮಿನಿ ಸೂಟ್‌ಗೇ ಹೋಗಬೇಕು. ಎರಡು ಮೂರು ರಾತ್ರಿಯ ಗೋವಾ ಪ್ರಯಾಣಕ್ಕೆ ಹತ್ತುವ, ಇಳಿಯುವ ದಿನಗಳನ್ನು ಕಳೆದರೆ ಆ ಬಾಲ್ಕನಿಯಲ್ಲಿ ಕೂರಲು ಸಿಗುವುದು ಕೆಲವೇ ಗಂಟೆ. ಲಕ್ಷದ್ವೀಪದ ಕಡೆ ಹೋಗುವ ಉದ್ದದ ಪ್ರಯಾಣವಾದರೆ ಬೆಲೆ ವಿಚಾರಿಸಬಹುದು. ವಾರಾಂತ್ಯದ ಪ್ರಯಾಣವಾದರೆ ಕಿಟಕಿಯ ಕೋಣೆಯೇ ಧಾರಾಳ.